ಅಪ್ಪನ ವಾಕಿಂಗ್, ಅಮ್ಮನ ‘ಯಾವಾಗ?’

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್. ಅಲ್ಪಪ್ರಾಣ ಮಹಾಪ್ರಾಣ ಹೆಚ್ಚುಕಮ್ಮಿ ಆಗಿದ್ದರೆ ನಮ್ಮ ಕನ್ನಡ ಸಂಘದ ಸಂಪಾದಕರು ತಿದ್ದಿರುತ್ತಾರೆ. ತಿದ್ದಿಲ್ಲ ಅಂದ್ರೆ ಅವರದ್ದೂ ಇಂಗ್ಲಿಷ್ ಮೀಡಿಯಂ ಅಂತ ತಿಳ್ಕೊಳ್ಳಿ.

ವಿಷಯಕ್ಕೆ ಬರ್ತೀನಿ. ನಮ್ಮ ಕ್ಲಾಸಿನಲ್ಲಿ ಜಿಮ್‌ಗೆ ದುಡ್ಡು ಕಟ್ಟಿರುವವರು ಬಹಳ ಜನ ಇದ್ದಾರೆ, ಹೋಗುವವರು ಕಡಿಮೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ‘ಮೋಟಿವೇಶನ್ ಇಲ್ಲ ಮಗಾ’. ರಾತ್ರಿ ಹನ್ನೆರಡಕ್ಕೆ ಯಾರೋ ಬೆಟ್ಟ ಹತ್ತುವ ರೀಲ್ಸ್ ನೋಡಿ, ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು, ಎಂಟೂವರೆಗೆ ಎದ್ದು ಮೊದಲ ಪೀರಿಯಡ್‌ಗೆ ಓಡಿ ಬರ್ತೀವಲ್ಲ, ಅಷ್ಟೇ ಎಷ್ಟೋ ಜನರ ದಿನದ ವ್ಯಾಯಾಮ. ನನಗಂತೂ ಈ ಮೋಟಿವೇಶನ್ ಅನ್ನೋದರ ಮೇಲೆ ನಂಬಿಕೆ ಇಲ್ಲ. ನಾನು ವಾರಕ್ಕೆ ಐದು ದಿನ ಬೆಳಿಗ್ಗೆ ಓಡ್ತೀನಿ. ಅದಕ್ಕೆ ಕಾರಣ ನನ್ನ ಶಿಸ್ತಲ್ಲ, ನಮ್ಮಪ್ಪ.

ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ. ಬೆಳಿಗ್ಗೆ ಐದೂಕಾಲಿಗೆ ಗೇಟಿನ ಚಿಲಕದ ಸದ್ದು ಕೇಳಿಸಿದರೆ ಅದು ಅಪ್ಪ. ಹುಣಸೂರು ರಸ್ತೆ ದಾಟಿ, ಕುಕ್ಕರಹಳ್ಳಿ ಕೆರೆಗೆ ಹೋಗಿ, ಪೂರ್ತಿ ಒಂದು ಸುತ್ತು ಹಾಕಿ, ಏಳು ಗಂಟೆಗೆ ವಾಪಸ್. ನಾನು ಒಂದು ವರ್ಷದ ಮಗು ಆಗಿದ್ದಾಗಿನಿಂದ ಹೀಗೇ ಅಂತೆ. ಸ್ಮಾರ್ಟ್ ವಾಚ್ ಇಲ್ಲ, ಟ್ರ್ಯಾಕ್ ಪ್ಯಾಂಟ್ ಇಲ್ಲ, ಹಳೇ ಫಾರ್ಮಲ್ ಪ್ಯಾಂಟು, ಮೇಲೆ ಚಳಿಗಾಲದಲ್ಲಿ ಒಂದು ಮಫ್ಲರ್. ಬ್ಯಾಂಕಿನಲ್ಲಿ ಕೆಲಸ, ಹತ್ತಕ್ಕೆ ಕೌಂಟರ್ ಹಿಂದೆ ಕೂತರೆ ಸಂಜೆವರೆಗೆ ಕೂತೇ ಇರಬೇಕು, ಅದಕ್ಕೆ ಈಗ ನಡೀತೀನಿ ಅನ್ನುತ್ತಾರೆ. ನನಗೆ ಯಾವತ್ತೂ ‘ನೀನೂ ಬಾರೋ’ ಅಂತ ಕರೆದವರಲ್ಲ. ‘ನಿನ್ನ ವಯಸ್ಸಲ್ಲಿ ನಾವು…’ ಅಂತ ಶುರುಮಾಡುವ ಭಾಷಣವೂ ಇಲ್ಲ. ಗಣಿತದ ಮಾರ್ಕ್ಸ್ ಬಗ್ಗೆ ಬೇಕಾದಷ್ಟು ಭಾಷಣ ಮಾಡಿದ್ದಾರೆ, ಅದರಿಂದ ನನ್ನ ಗಣಿತ ಏನೂ ಸುಧಾರಿಸಲಿಲ್ಲ. ವಾಕಿಂಗ್ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದು ಮಾತ್ರ ನನಗೆ ಅಂಟಿಕೊಂಡಿತು.

ಅಂಟಿಕೊಂಡದ್ದು ಹೇಗೆ ಅಂತ ಹೇಳೋದು ಕಷ್ಟ. ಪಿಯುಸಿ ಮುಗಿದು ಸಿಇಟಿ ರಿಸಲ್ಟ್‌ಗೆ ಕಾಯ್ತಿದ್ದ ದಿನಗಳು. ನಿದ್ದೆ ಬರ್ತಿರಲಿಲ್ಲ. ಒಂದು ದಿನ ಚಿಲಕದ ಸದ್ದಾಯ್ತು, ಎದ್ದೆ, ಚಪ್ಪಲಿ ಹಾಕ್ಕೊಂಡು ಹಿಂದೆ ಹೊರಟೆ. ಅಪ್ಪ ತಿರುಗಿ ನೋಡಿ ‘ಬಾಗಿಲು ಹಾಕಿದ್ಯಾ?’ ಅಂದ್ರು, ಅಷ್ಟೇ. ಕೆರೆ ಹತ್ತಿರ ಹೋದಮೇಲೆ ಗೊತ್ತಾಯ್ತು, ಈ ಬ್ಯಾಂಕ್ ಮನುಷ್ಯನಿಗೆ ಅಲ್ಲಿ ಬೇರೆಯದೇ ಒಂದು ಜೀವನ ಇದೆ. ಯಾವ ಮರದ ಮೇಲೆ ಯಾವ ಹಕ್ಕಿ ಕೂರುತ್ತೆ ಗೊತ್ತು, ಎದುರು ಬರುವ ಅರ್ಧ ಜನಕ್ಕೆ ನಮಸ್ಕಾರ. ಅವರಲ್ಲಿ ಎಷ್ಟೋ ಜನರ ಹೆಸರು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ‘ನೀಲಿ ಟೋಪಿ’, ‘ಉಲ್ಟಾ ನಡೆಯೋರು’, ‘ಮೇಷ್ಟ್ರು’, ಹೀಗೆ ಲೆಕ್ಕ.

ಈ ದಾರಿಯೇನು ಅಪ್ಪ ಕಂಡುಹಿಡಿದದ್ದಲ್ಲ. ಕುವೆಂಪು ಅವರ ‘ಉದಯರವಿ’ ಇರೋದು ನಮ್ಮ ಒಂಟಿಕೊಪ್ಪಲಿನಲ್ಲೇ. ಅವರು ಕುಕ್ಕರಹಳ್ಳಿ ಕೆರೆ ಕಡೆ ನಡೆದು ಹೋಗ್ತಿದ್ದದ್ದು, ಆ ಕೆರೆ ಬಗ್ಗೆ ಪದ್ಯ ಬರೆದದ್ದು ಮೈಸೂರಿನವರಿಗೆಲ್ಲ ಗೊತ್ತು. ಕೆರೆ ಅವರಿಗಿಂತಲೂ ಹಳೆಯದು, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಲಗದ್ದೆಗಳ ನೀರಿಗೆ ಅಂತ ಆದದ್ದು. ಆ ಮನೆಯಲ್ಲಿ ಬೆಳೆದ ಮಗ ಪೂರ್ಣಚಂದ್ರ ತೇಜಸ್ವಿ ಏನು ಮಾಡಿದರು ನೋಡಿ. ಅಪ್ಪನ ಹಾಗೆ ಮೈಸೂರಿನಲ್ಲಿ ಕೆರೆ ಸುತ್ತುವವರಾಗಲಿಲ್ಲ. ಮೂಡಿಗೆರೆಗೆ ಹೋಗಿ ತೋಟ ಮಾಡಿದರು, ಮೀನಿನ ಗಾಳ, ಕ್ಯಾಮೆರಾ ಹಿಡಿದು ಕಾಡು ಹೊಳೆ ಅಲೆದರು. ಅಪ್ಪನನ್ನು ‘ಅಣ್ಣ’ ಅಂತ ಕರೀತಿದ್ದ ಅವರು ‘ಅಣ್ಣನ ನೆನಪು’ ಅಂತ ಪುಸ್ತಕವನ್ನೇ ಬರೆದರು. ಅಪ್ಪನ ದಾರಿ ಮಗ ಹಿಡಿಯಲಿಲ್ಲ, ಆದರೆ ಕಾಲು ಮಾತ್ರ ಮನೇಲಿ ಕೂರಲಿಲ್ಲ ಅಂತ ನನಗನ್ನಿಸುತ್ತೆ. ನಾನೂ ಅಷ್ಟೇ. ಅಪ್ಪ ನಡೀತಾರೆ, ನಾನು ಓಡ್ತೀನಿ. ಒಟ್ಟಿಗೆ ಗೇಟು ದಾಟ್ತೀವಿ, ಕೆರೆ ಹತ್ತಿರ ಬೇರೆ ಆಗ್ತೀವಿ, ವಾಪಸ್ ಬರುವಾಗ ಸಿಕ್ಕರೆ ಸಿಕ್ಕಿದೆವು.

ಇದಕ್ಕಿಂತ ಸರಿಯಾದ ಕಥೆ ಇನ್ನೊಂದಿದೆ, ನಮ್ಮಂಥ ಎಂಜಿನಿಯರಿಂಗ್ ಮಕ್ಕಳಿಗೇ ಹೇಳಿಮಾಡಿಸಿದ್ದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯ ಮೈಸೂರಿಗೆ ಬಂದು, ನಾಲ್ವಡಿಯವರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಇವತ್ತು ಪ್ರಪಂಚದಲ್ಲಿ ಯಾರಾದರೂ ಮ್ಯಾಟ್ ಹಾಸಿ ಆಸನ ಮಾಡ್ತಿದ್ದರೆ ಅದರ ಮೂಲ ಹುಡುಕುತ್ತಾ ಹೋದಾಗ ಎಷ್ಟೋ ಸಲ ಈ ಶಾಲೆಗೇ ಬಂದು ನಿಲ್ಲುತ್ತೆ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಎಲ್ಲ ಅವರ ಶಿಷ್ಯರೇ. ಇಂಥವರ ಮಗ ಟಿ.ಕೆ.ವಿ. ದೇಶಿಕಾಚಾರ್, 1938ರಲ್ಲಿ ಮೈಸೂರಿನಲ್ಲೇ ಹುಟ್ಟಿದವರು. (ತೇಜಸ್ವಿಯವರೂ 1938. ದೇಶಿಕಾಚಾರ್ ಹುಟ್ಟಿದ ತಾರೀಖು ಜೂನ್ 21. ಆಮೇಲೆ ಆ ದಿನವೇ ಯೋಗ ದಿನ ಆಯ್ತು, ಅವರ ಹುಟ್ಟುಹಬ್ಬ ಅಂತಲ್ಲ, ಕಾಕತಾಳೀಯ ಅಷ್ಟೇ.) ಇಷ್ಟು ದೊಡ್ಡ ಗುರುವಿನ ಮಗನಿಗೆ ಚಿಕ್ಕಂದಿನಲ್ಲಿ ಯೋಗ ಅಂದ್ರೆ ಆಗ್ತಿರಲಿಲ್ಲವಂತೆ. ಅಪ್ಪ ಕಲಿಸೋಕೆ ಬಂದರೆ ತೆಂಗಿನಮರ ಹತ್ತಿ ಕೂತುಬಿಡ್ತಿದ್ದ ಹುಡುಗ. ಬೆಳೆದು ಮೈಸೂರು ವಿಶ್ವವಿದ್ಯಾನಿಲಯದಿಂದ ಎಂಜಿನಿಯರಿಂಗ್ ಡಿಗ್ರಿ ಮಾಡಿದರು. ಕೆಲಸದ ದಾರಿಯನ್ನೂ ಹಿಡಿದಿದ್ದರು.

ಅಷ್ಟೊತ್ತಿಗೆ ಮನೆಯವರು ಮದರಾಸಿಗೆ ಹೋಗಿದ್ದರು. 1960ರ ದಶಕದ ಆರಂಭ. ಒಂದು ಬೆಳಿಗ್ಗೆ ಮನೆ ಮುಂದೆ ಕಾರು ಬಂದು ನಿಲ್ಲುತ್ತೆ. ನ್ಯೂಜಿಲೆಂಡಿನ ಒಬ್ಬ ಹೆಂಗಸು ಇಳಿದು ಓಡಿ ಬಂದು, ಸಂಪ್ರದಾಯಸ್ಥ ಅಯ್ಯಂಗಾರ್ ಪಂಡಿತರನ್ನು ಬೀದಿಯಲ್ಲೇ ತಬ್ಬಿಕೊಂಡುಬಿಡುತ್ತಾರೆ. ಮಗನಿಗೆ ದಿಗ್ಭ್ರಮೆ. ಆಮೇಲೆ ವಿಚಾರಿಸಿದರೆ, ವರ್ಷಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡ್ತಿದ್ದ ಆಕೆ ಅಪ್ಪ ಕಲಿಸಿದ ಅಭ್ಯಾಸದಿಂದ ಹಿಂದಿನ ರಾತ್ರಿ ಮಾತ್ರೆ ಇಲ್ಲದೆ ನಿದ್ದೆ ಮಾಡಿದ್ದರಂತೆ. ಎಂಜಿನಿಯರ್ ಮಗ ಅಪ್ಪನ ಹತ್ತಿರ ಹೋಗಿ, ನನಗೂ ಕಲಿಸಿ ಅಂದ. 1976ರಲ್ಲಿ ಅದೇ ಮಗ ಚೆನ್ನೈನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಶುರುಮಾಡಿದ್ದು. ಬೆನ್ನಟ್ಟಿ ಕಲಿಸಹೋದಾಗ ಮರ ಹತ್ತಿದ ಹುಡುಗ, ಸುಮ್ಮನೆ ಕಣ್ಣಾರೆ ನೋಡಿದ್ದಕ್ಕೆ ಇಳಿದು ಬಂದ.

ನಮ್ಮ ಪಕ್ಕದ ಗೋಕುಲದಲ್ಲೂ ಇಂಥದ್ದೇ ಉಂಟು. ಮ್ಯಾಟ್ ಹೊತ್ತುಕೊಂಡು ಸ್ಕೂಟರಿನಲ್ಲಿ ಓಡಾಡೋ ವಿದೇಶಿಯರನ್ನು ನೀವೂ ನೋಡಿರ್ತೀರಿ. ಪಟ್ಟಾಭಿ ಜೋಯಿಸರ ಮಗಳು ಸರಸ್ವತಿ ತಂದೆಯಿಂದ ಕಲಿತು ತಾವೇ ಕಲಿಸುವವರಾದರು. ಅವರ ಮಗ ಶರತ್ ಜೋಯಿಸ್ ಮೊದಲು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಆಮೇಲೆ ಹತ್ತೊಂಬತ್ತನೇ ವಯಸ್ಸಿನಲ್ಲಿ ತಾತನ ಹತ್ತಿರ ಸರಿಯಾಗಿ ಕಲಿಯೋಕೆ ಕೂತರು, ಬೆಳಗಿನ ಜಾವ ಮೂರೂವರೆಗೆಲ್ಲ ಎದ್ದು. 2024ರ ನವೆಂಬರಿನಲ್ಲಿ ಅವರು ಅಮೆರಿಕದಲ್ಲಿ ತೀರಿಕೊಂಡರು. ನನಗೂ ಈಗ ಹತ್ತೊಂಬತ್ತು. ಮೂರೂವರೆಗೆ ನಾನು ಎದ್ದಿರೋದು ಅಸೈನ್‌ಮೆಂಟ್ ಇದ್ದಾಗ ಮಾತ್ರ.

ಕಥೆ ಸಾಕು, ಲೆಕ್ಕ ಬೇಕು ಅನ್ನುವವರಿಗೆ ಒಂದು ಅಧ್ಯಯನ ಇದೆ. 1991ರಲ್ಲಿ ಪ್ರಕಟವಾದದ್ದು, ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ನಡೆದದ್ದು. ನಾಲ್ಕರಿಂದ ಏಳು ವರ್ಷದ 100 ಮಕ್ಕಳು, ಜೊತೆಗೆ ಅವರ ಅಪ್ಪ ಅಮ್ಮಂದಿರು. ‘ನೀವು ವ್ಯಾಯಾಮ ಮಾಡ್ತೀರಾ?’ ಅಂತ ಬಾಯಲ್ಲಿ ಕೇಳಲಿಲ್ಲ (ಕೇಳಿದರೆ ಎಲ್ಲರೂ ಹೂಂ ಅಂತಾರೆ), ಸೊಂಟಕ್ಕೆ ಸೆನ್ಸರ್ ಕಟ್ಟಿ ಅಳೆದರು. ಅಮ್ಮ ಚಟುವಟಿಕೆಯಿಂದ ಇದ್ದರೆ ಮಗು ಹಾಗಿರುವ ಸಾಧ್ಯತೆ 2 ಪಟ್ಟು. ಅಪ್ಪ ಇದ್ದರೆ 3.5 ಪಟ್ಟು. ಇಬ್ಬರೂ ಇದ್ದರೆ 5.8 ಪಟ್ಟು. ಸ್ಯಾಂಪಲ್ ಚಿಕ್ಕದು, ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಒಪ್ಪಲ್ಲ, ವಂಶವಾಹಿಯ ಪಾಲೆಷ್ಟು ನೋಡಿ ಕಲಿತದ್ದೆಷ್ಟು ಅಂತ ಇದರಿಂದ ಬಿಡಿಸಿ ಹೇಳೋಕೂ ಆಗಲ್ಲ. ಆದರೂ ಆ ಮೂರನೇ ಸಂಖ್ಯೆ ನನ್ನ ತಲೆಯಲ್ಲಿ ಕೂತುಬಿಡ್ತು. ಇಬ್ಬರೂ.

ಹೋದ ವರ್ಷದವರೆಗೂ ಈ ಲೇಖನ ಬರೆದಿದ್ದರೆ ಅಪ್ಪನಿಗೊಂದು ಥ್ಯಾಂಕ್ಸ್ ಹೇಳಿ ಮುಗಿಸ್ತಿದ್ದೆ. ಹೋದ ವರ್ಷ ದಸರಾ ರಜೆಯಲ್ಲಿ ಅಮ್ಮನ ಬ್ಲಡ್ ರಿಪೋರ್ಟ್ ಬಂತು. ಶುಗರ್. ಅಮ್ಮನಿಗೆ ನಲವತ್ತಾರು. ಡಾಕ್ಟರ್ ಮಾತ್ರೆ ಬರೆದು, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ ಅಂದರು. ಮನೆಗೆ ಬಂದಮೇಲೆ ನಾವೆಲ್ಲ ಡಾಕ್ಟರಾದೆವು. ಅಪ್ಪ, ‘ನಾನು ಎಷ್ಟು ಸಲ ಹೇಳಿದೀನಿ, ವಾಕ್ ಮಾಡೇ ಅಂತ’ ಅಂದ್ರು. ನಾನು ಫೋನ್ ತೆಗೆದು, ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋದನ್ನ ಓದಿದೆ. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪದ ಅಂದ್ಲು:

‘ಯಾವಾಗ?’

ಸಿಟ್ಟಿನಿಂದ ಅಲ್ಲ. ನಿಜವಾಗಿ ಕೇಳಿದ್ದು, ಟೈಮ್ ಟೇಬಲ್ ಕೇಳೋ ಹಾಗೆ. ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಅಪ್ಪ ಐದೂಕಾಲಿಗೆ ಗೇಟು ತೆಗೆಯುವಾಗ ಅಮ್ಮ ಎದ್ದು ಅರ್ಧ ಗಂಟೆ ಆಗಿರುತ್ತೆ. ಕಾರ್ಪೊರೇಷನ್ ನೀರು ಬರೋ ಹೊತ್ತು, ಸಂಪು ತುಂಬಿಸಿ ಮೋಟಾರ್ ಹಾಕಬೇಕು. ಬಾಗಿಲಿಗೆ ನೀರು, ರಂಗೋಲಿ. ಅಜ್ಜಿಗೆ ಬಿಸಿನೀರು, ಮಾತ್ರೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ತಿಂಡಿ ಮಾಡಿ, ಮೂರು ಡಬ್ಬಿ ತುಂಬಬೇಕು. ನಾವೆಲ್ಲ ಹೊರಟಮೇಲೆ ಹೊಲಿಗೆ ಮಿಷನ್; ಅಕ್ಕಪಕ್ಕದವರ ಸೀರೆಗೆ ಫಾಲ್ ಹಾಕೋದು, ಕುಚ್ಚು ಕಟ್ಟೋದು, ಸಂಜೆವರೆಗೂ ಕೂತೇ. ಆಮೇಲೆ ಮತ್ತೆ ಅಡುಗೆಮನೆ. ಅಪ್ಪನ ಆ ಎರಡು ಗಂಟೆ ಸಮಯ ಎಲ್ಲಿಂದ ಬರ್ತಿತ್ತು ಅಂತ ನಾನು ಅವತ್ತಿನವರೆಗೆ ಯೋಚನೆಯೇ ಮಾಡಿರಲಿಲ್ಲ.

ಇನ್ನೊಂದು ವಿಷಯ ಹೊಳೆದದ್ದು ನನ್ನ ಬಗ್ಗೆಯೇ. ಅಪ್ಪನನ್ನು ನೋಡಿ ನಾನು ಕಲಿತದ್ದು ಓಡೋದನ್ನ ಮಾತ್ರ ಅಲ್ಲ. ಓಡಿ ಬಂದು ಶೂ ಬಿಚ್ಚುವ ಹೊತ್ತಿಗೆ ಕಾಫಿ ಲೋಟ ಕೈಗೆ ಬರುತ್ತೆ ಅನ್ನೋದನ್ನೂ ಕಲಿತಿದ್ದೆ. ಬೆವರಿನ ಬಟ್ಟೆ ಬಕೆಟ್ಟಿಗೆ ಹಾಕಿದರೆ ಒಗೆದು ಮಡಚಿ ಬರುತ್ತೆ ಅನ್ನೋದನ್ನೂ. ಒಂದೇ ಅಭ್ಯಾಸ ಅಂದುಕೊಂಡಿದ್ದೆ, ಎರಡಿತ್ತು. ಒಂಬತ್ತನೇ ಕ್ಲಾಸಿನ ನನ್ನ ತಂಗಿಯೂ ಅದೇ ಮನೆಯಲ್ಲಿ ಅದೇ ಹೊತ್ತಿಗೆ ಎದ್ದು ನೋಡ್ತಾ ಇದ್ದಾಳಲ್ಲ? ಅವಳಿಗೆ ನಾವು ಗೇಟು ದಾಟಿ ಹೋಗೋದು ಕಾಣುತ್ತೆ, ಅಮ್ಮ ಒಳಗಿರೋದು ಕಾಣುತ್ತೆ. ಅವಳು ಎದ್ದು ಹೋಗಿ ನಿಲ್ಲೋದು ಅಡುಗೆಮನೆ ಕಟ್ಟೆ ಹತ್ತಿರ, ಕೊತ್ತಂಬರಿ ಸೋಸೋಕೆ. ಯಾರೂ ಅವಳಿಗೂ ಹೇಳಿಕೊಟ್ಟಿಲ್ಲ. ನೋಡಿ ಕಲಿಯೋದು ಅಂದ್ರೆ ಇದೂ ಸೇರುತ್ತೆ. (ನೋಡಿ, ಬರೆಯುವಾಗಲೂ ನನಗೆ ಅಪ್ಪ ‘ಅಂದ್ರು’, ಅಮ್ಮ ‘ಅಂದ್ಲು’. ಬದಲಾಯಿಸಿ ಬರೆದು ನೋಡಿದೆ, ಅಮ್ಮ ಯಾರೋ ಪಕ್ಕದ ಮನೆ ಆಂಟಿ ಆದ ಹಾಗಾಯ್ತು. ಬಿಟ್ಟೆ.)

ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಲೆಕ್ಕದ ಪ್ರಕಾರ, ಭಾರತದಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು ಹತ್ತಿರ ಹತ್ತಿರ ಅರ್ಧದಷ್ಟು. ಗಂಡಸರಲ್ಲಿ ಸುಮಾರು 42%, ಹೆಂಗಸರಲ್ಲಿ 57%. ಬೆಳಿಗ್ಗೆ ಕುಕ್ಕರಹಳ್ಳಿಗೋ ನಮ್ಮ ಚೆಲುವಾಂಬ ಪಾರ್ಕಿಗೋ ಹೋಗಿ ನೋಡಿ, ಹೆಂಗಸರು ಬರ್ತಾರೆ, ಇಲ್ಲ ಅಂತಲ್ಲ. ಆದರೆ ಐದೂವರೆಗೆ ಇರೋವರು ಯಾರು, ಎಂಟರ ಮೇಲೆ ಬರೋವರು ಯಾರು ಅಂತ ಗಮನಿಸಿ.

ಅಮ್ಮನ ವಾದ ಬೇರೆ. ‘ದಿನವಿಡೀ ಓಡಾಡ್ಕೊಂಡೇ ಇರ್ತೀನಲ್ಲ, ಅದೇ ಎಕ್ಸರ್‌ಸೈಜ್’ ಅಂತಾಳೆ. ಇದನ್ನ ತಳ್ಳಿಹಾಕೋ ಹಾಗಿಲ್ಲ. ಮನೆಕೆಲಸವೂ ದೈಹಿಕ ಚಟುವಟಿಕೆಯೇ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತೆ. ಒಂದು ಭಾನುವಾರ ನನ್ನ ಫೋನನ್ನ ಅಮ್ಮನ ಸೊಂಟಕ್ಕೆ ಒಂದು ಚಿಕ್ಕ ಚೀಲದಲ್ಲಿ ಕಟ್ಟಿ ಅಳೆದೆ. ರಾತ್ರಿ ಹೊತ್ತಿಗೆ 4,300 ಹೆಜ್ಜೆ ಬಂತು. ‘ನೋಡಿದ್ಯಾ!’ ಅಂತ ಅಮ್ಮನಿಗೆ ಖುಷಿ. ಆದರೆ ಗ್ರಾಫ್ ನೋಡಿದರೆ ಎಲ್ಲ ಐದೈದು ಹೆಜ್ಜೆ, ಹತ್ತತ್ತು ಹೆಜ್ಜೆ, ಕಟ್ಟೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಜ್ಜಿಗೆ. ಸುಸ್ತು ಇದೆ, ಉಸಿರು ಏರೋದಿಲ್ಲ. ಮತ್ತೆ ಆ ದಿನದಲ್ಲಿ ಅವಳದ್ದೇ ಅನ್ನೋ ಅರ್ಧ ಗಂಟೆ ಗ್ರಾಫಿನಲ್ಲಿ ಎಲ್ಲೂ ಕಾಣಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಒಬ್ಬ ಫ್ರೆಂಡ್‌ನ ಅಪ್ಪ ಆಟೋ ಓಡಿಸ್ತಾರೆ, ಬೆಳಿಗ್ಗೆ ರೈಲು ಬರೋ ಹೊತ್ತಿಗೆ ಸ್ಟೇಷನ್ ಹತ್ತಿರ ಇರಬೇಕು. ‘ನಿಮ್ಮಪ್ಪ ವಾಕಿಂಗ್ ಹೋಗ್ತಾರೆ, ನಮ್ಮಪ್ಪ ಟ್ರಿಪ್ಪಿಗೆ ಹೋಗ್ತಾರೆ ಮಗಾ’ ಅಂದ. ಅಪ್ಪ ಅಮ್ಮ ವ್ಯಾಯಾಮ ಮಾಡದಿದ್ದರೆ ಮಕ್ಕಳು ಹಾಳು ಅನ್ನೋದು ನನ್ನ ವಾದ ಅಲ್ಲವೇ ಅಲ್ಲ. ಬೆಳಿಗ್ಗೆ ಎರಡು ಗಂಟೆ ಬಿಡುವು ಇರೋದು ಕೂಡ ಒಂದು ಆಸ್ತಿ. ಬ್ಯಾಂಕ್ ಕೆಲಸದವರಿಗೆ ಸಿಗುತ್ತೆ, ಆಟೋದವರಿಗೆ ಸಿಗಲ್ಲ. ಒಂದೇ ಮನೆಯೊಳಗೂ ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದೇ ಇರಬಹುದು ಅನ್ನೋದು ಮಾತ್ರ ನನ್ನ ತಕರಾರು. ಆಟೋದ ಸಮಸ್ಯೆ ನಾನು ಬಗೆಹರಿಸಲಾರೆ. ಅಡುಗೆಮನೆಯದ್ದು ಬಗೆಹರಿಸಬಹುದು, ಅದು ನಾನು ಮಲಗೋ ರೂಮಿನಿಂದ ಎಂಟು ಹೆಜ್ಜೆ.

ಹಾಗಾಗಿ ಒಂದು ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದೆ. ವಾರದಲ್ಲಿ ನಾಲ್ಕು ದಿನ ಅಮ್ಮ ಹೊರಗೆ. ಸೋಮವಾರ, ಬುಧವಾರ ತಿಂಡಿ ನನ್ನದು, ಶುಕ್ರವಾರ, ಶನಿವಾರ ಅಪ್ಪನದು. ನೀರು, ಅಜ್ಜಿಯ ಮಾತ್ರೆ ಯಾರ ಸರದಿಯೋ ಅವರದ್ದೇ. ಆ ದಿನ ನಮಗೆ ಕೆರೆ ಇಲ್ಲ.

ಚೆನ್ನಾಗಿ ನಡೆದುಬಿಡ್ತು ಅಂತ ಬರೆದರೆ ಸುಳ್ಳಾಗುತ್ತೆ. ನನ್ನ ಮೊದಲ ಉಪ್ಪಿಟ್ಟಿನಲ್ಲಿ ಗಂಟೇ ಜಾಸ್ತಿ, ರವೆ ಹುರಿಯೋದೇ ಮರೆತಿದ್ದೆ. ಅಪ್ಪ ಡಿಕಾಕ್ಷನ್ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿಲ್ಲದೆ ಫಿಲ್ಟರ್ ತಟ್ಟುತ್ತಾ ಕೂತಿದ್ದರು. ಅಜ್ಜಿ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ‘ಗಂಡಸರು ಒಲೆ ಮುಂದೆ, ಹೆಂಗಸು ಬೀದೀಲಿ, ಚೆನ್ನಾಗಿದೆ’ ಅಂದಳು. ಅಮ್ಮ ಮೊದಲು ‘ನನಗ್ಯಾಕೆ ಶೂ’ ಅಂತ ಚಪ್ಪಲಿಯಲ್ಲೇ ಹೋಗಿ ಹಿಮ್ಮಡಿ ಒಡೆಸಿಕೊಂಡಳು. ಶೂ ಅಂಗಡಿಯಲ್ಲಿ ಸೈಜ್ ಕೇಳಿದಾಗ ಅವಳಿಗೆ ತನ್ನ ಸೈಜೇ ಗೊತ್ತಿರಲಿಲ್ಲ. ಸ್ಕೂಲ್ ಬಿಟ್ಟಮೇಲೆ ಶೂ ಹಾಕಿಲ್ಲವಂತೆ. ಹನ್ನೆರಡು ದಿನ ಆದಮೇಲೆ ಊರಿಂದ ನೆಂಟರು ಬಂದರು, ನಿಂತುಹೋಯ್ತು. ಮೂರು ವಾರ ಆಮೇಲೆ ಮತ್ತೆ ಶುರುವಾಯ್ತು. ಈಗ ಕೆಲವು ವಾರ ನಾಲ್ಕು ದಿನ, ಕೆಲವು ವಾರ ಎರಡೇ.

ಕೆರೆವರೆಗೂ ಹೋಗಲ್ಲ ಅಮ್ಮ, ಚೆಲುವಾಂಬ ಪಾರ್ಕಿಗೇ ಹೋಗೋದು. ಒಂದು ದಿನ ವಾಪಸ್ ಬಂದು, ‘ಅಲ್ಲಿ ಒಬ್ಬರು ಸಿಕ್ತಾರೆ ಕಣೋ, ಹೆಸರು ಕೇಳಿಲ್ಲ, ಹಸಿರು ಸ್ವೆಟರ್’ ಅಂದ್ಲು. ಅಪ್ಪ ಒಲೆ ಹತ್ತಿರದಿಂದ ತಿರುಗಿ ನೋಡಿದ್ರು.

ಶುಗರ್ ಸ್ವಲ್ಪ ಇಳಿದಿದೆ. ಅದರಲ್ಲಿ ಮಾತ್ರೆಯದೆಷ್ಟು, ನಡಿಗೆಯದೆಷ್ಟು ಹೇಳೋಕೆ ನಾನು ಡಾಕ್ಟರಲ್ಲ. ತಂಗಿ ಹೋದ ತಿಂಗಳು ಎರಡು ಶನಿವಾರ ಅಮ್ಮನ ಜೊತೆ ಹೋದಳು, ಅವಳ ಸ್ಕೂಲ್ ಶೂನಲ್ಲೇ. ಮೂರನೇ ಶನಿವಾರ ನಿದ್ದೆ ಮಾಡಿದಳು. ಯಾರೂ ಎಬ್ಬಿಸಲಿಲ್ಲ.

ಮುಂದಿನ ವಾರ ನಮಗೆ ಇಂಟರ್ನಲ್ಸ್. ನಿನ್ನೆ ರಾತ್ರಿ ಅಮ್ಮ ಫ್ರಿಜ್ ಮೇಲಿನ ಪಟ್ಟಿ ನೋಡ್ತಾ, ‘ಸೋಮವಾರ ನಿಂಗೆ ಪರೀಕ್ಷೆ ಇದೆಯಲ್ಲ, ಓದ್ಕೋ, ಈ ವಾರ ನಾನು ಹೋಗಲ್ಲ ಬಿಡು’ ಅಂದ್ಲು. ಪರೀಕ್ಷೆ ಇರೋದು ಹತ್ತೂವರೆಗೆ.

‘ಹೋಗಮ್ಮ, ಅವಲಕ್ಕಿ ನೆನೆಯೋಕೆ ಹತ್ತು ನಿಮಿಷ ಸಾಕು’ ಅಂದೆ.

‘ಗಟ್ಟಿ ಅವಲಕ್ಕಿಗೆ ಸಾಲಲ್ಲ ಕಣೋ’ ಅಂತ ಹೇಳಿ, ತೆಳು ಅವಲಕ್ಕಿ ಡಬ್ಬಿ ಯಾವ ಶೆಲ್ಫಿನಲ್ಲಿದೆ ಅಂತ ತೋರಿಸಿದಳು.